ಇಲಿಗೆ ಸಂಕಟ

ಆಗುಂಬೆ ಘಟ್ಟದಲ್ಲಿ ದೊಡ್ಡ ಬಸ್ಸು ಇಳಿಯುವುದಿಲ್ಲ. 14 ಹೇರ್‌ಪಿನ್ ತಿರುವು, ಮಿನಿ ಬಸ್ಸೇ ಗತಿ. ಅದರ ಹಿಂದಿನ ಸೀಟಿನಲ್ಲಿ ಕೂತು ಸೋಮೇಶ್ವರದವರೆಗೆ ಇಳಿದವರಿಗೆ ‘ಸಂಕಟ’ ಎಂಬ ಪದದ ಅರ್ಥವನ್ನು ಯಾರೂ ಹೇಳಿಕೊಡಬೇಕಿಲ್ಲ. ನಿಘಂಟು ತೆರೆದರೆ ಸಂಕಟ ಅಂದರೆ ಕಷ್ಟ, ವ್ಯಥೆ. ನಮ್ಮ ಮನೆಯಲ್ಲಿ ಅದು ವಾಂತಿಗಿಂತ ಮುಂಚೆ ಬರುವುದು. ಬಾಯಲ್ಲಿ ಸುಮ್ಮನೆ ನೀರೂರುತ್ತದೆ, ಹಣೆ ತಣ್ಣಗೆ ಬೆವರುತ್ತದೆ, ಮುಂದಿನ ಸೀಟಿನವರು ಮುಡಿದ ಮಲ್ಲಿಗೆಯ ಮೇಲೂ ಸಿಟ್ಟು ಬರುತ್ತದೆ. ‘ಸಂಕಟ ಆಗ್ತಿದೆ’ ಅಂದರೆ ಸಾಕು, ಗುರುತಿಲ್ಲದವರೂ ಕಿಟಕಿ ಪಕ್ಕದ ಜಾಗ ಬಿಟ್ಟುಕೊಡುತ್ತಾರೆ. ವಾಂತಿಯಾದರೆ ಒಂದು ಲೆಕ್ಕ ಮುಗಿಯಿತು. ಸಂಕಟಕ್ಕೆ ಆ ಮುಗಿತಾಯ ಇಲ್ಲ.

ಕೆಲವು ವರ್ಷಗಳ ಹಿಂದೆ ಚಿಕ್ಕಮ್ಮನನ್ನು ಕೀಮೋಗೆ ಅಂತ ಮೂರು ವಾರಕ್ಕೊಮ್ಮೆ ಇದೇ ಘಟ್ಟ ಇಳಿಸಿ ಕರೆದುಕೊಂಡು ಹೋಗುತ್ತಿದ್ದೆ. ಒಟ್ಟು ಆರು ಸಲ. ಮೂರನೇ ಸಲಕ್ಕೆ ಆಗುಂಬೆ ಪೇಟೆಯಲ್ಲಿ ಬಸ್ಸು ನಿಂತಿರುವಾಗಲೇ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

‘ಇನ್ನೂ ಘಟ್ಟವೇ ಶುರುವಾಗ್ಲಿಲ್ಲ ಚಿಕ್ಕಮ್ಮ.’

‘ನಂಗೆ ಗೊತ್ತು ಮಾರಾಯ. ಹೊಟ್ಟೆಗೆ ಗೊತ್ತಿಲ್ಲ.’

ಆಸ್ಪತ್ರೆಯಲ್ಲಿ ಪ್ರತಿ ಸಲವೂ ಅದೇ ಪ್ರಶ್ನೆ. ‘ಕಳೆದ ಸಲ ಎಷ್ಟು ಬಾರಿ ವಾಂತಿ ಆಯ್ತಮ್ಮ?’ ಒಂದೂ ಆಗಿಲ್ಲ ಅನ್ನುತ್ತಿದ್ದಳು. ನಿಜವೇ. ಅವಳಿಗೆ ಕೊಡುತ್ತಿದ್ದ ಒಂಡಾನ್‌ಸೆಟ್ರಾನ್ ಎಂಬ ವಾಂತಿ ತಡೆಯುವ ಮದ್ದು ತನ್ನ ಕೆಲಸ ಮಾಡುತ್ತಿತ್ತು. ಡಾಕ್ಟರು ಕಾಗದದಲ್ಲಿ ಸೊನ್ನೆ ಬರೆದುಕೊಳ್ಳುತ್ತಿದ್ದರು. ನಾಲ್ಕು ದಿನ ಅನ್ನದ ಪರಿಮಳಕ್ಕೆ ಮುಖ ತಿರುಗಿಸಿ ಮಲಗಿದ್ದಕ್ಕೆ ಆ ಕಾಗದದಲ್ಲಿ ಜಾಗವಿರಲಿಲ್ಲ. ಡಾಕ್ಟರನ್ನು ದೂರಿ ಪ್ರಯೋಜನವಿಲ್ಲ. ವಾಂತಿಯನ್ನು ಎಣಿಸಬಹುದು; ಸಂಕಟವನ್ನು ಎಣಿಸುವುದು ಹೇಗೆ?

ಆ ಪ್ರಶ್ನೆ ತಲೆಯಲ್ಲಿ ಕೂತು, ಆಸ್ಪತ್ರೆಯ ಕಾರಿಡಾರಿನ ಬೆಂಚಿನ ಮೇಲೆ ಮೊಬೈಲಿನಲ್ಲಿ ಓದಲು ಶುರು ಮಾಡಿದವನು ಇಲಿಯ ಬಿಲಕ್ಕೆ ಹೋಗಿ ಬಿದ್ದೆ. ಹೊಟ್ಟೆ ತೊಳಸುವುದರ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ದೊಡ್ಡ ಪಾಲು ಇಲಿಯಿಂದ ಬಂದದ್ದು. ಇದರಲ್ಲಿ ಒಂದೇ ಒಂದು ತೊಡಕು ಏನೆಂದರೆ, ಇಲಿಗೆ ವಾಂತಿ ಮಾಡಲು ಬರುವುದಿಲ್ಲ.

ಇಲಿಗೆ ಮಾತ್ರವಲ್ಲ, ಬಾಚಿಹಲ್ಲಿನ ಆ ಇಡೀ ದಂಶಕ ಕುಲಕ್ಕೇ ಬಾರದು ಅಂತ ಕಾಣುತ್ತದೆ. ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಚಾರ್ಲ್ಸ್ ಹಾರ್ನ್ ಮತ್ತು ಸಂಗಡಿಗರು 2013ರಲ್ಲಿ ಇದನ್ನೇ ಕೂತು ಪರೀಕ್ಷಿಸಿದರು. ಚಿಕ್ಕಿಲಿಯಿಂದ ಹಿಡಿದು ನ್ಯೂಟ್ರಿಯಾ, ಮೌಂಟನ್ ಬೀವರ್‌ವರೆಗೆ ದೂರದೂರದ ದಾಯಾದಿಗಳಿಗೆಲ್ಲ ವಾಂತಿ ಬರಿಸುವ ಮದ್ದು ಕೊಟ್ಟು ನೋಡಿದರು. ಯಾವುದೂ ಕಕ್ಕಲಿಲ್ಲ. ಎದೆಗೂ ಹೊಟ್ಟೆಗೂ ನಡುವಿನ ಪರದೆಯಾದ ವಪೆಯ ಸ್ನಾಯು ಅವುಗಳಲ್ಲಿ ತೆಳು. ಹೊಟ್ಟೆಯ ಆಕಾರವೂ ಒಳಗಿದ್ದದ್ದನ್ನು ಮೇಲಕ್ಕೆ ತಳ್ಳಲು ಹೇಳಿ ಮಾಡಿಸಿದ್ದಲ್ಲ. ಅದಕ್ಕಿಂತ ಹೆಚ್ಚಾಗಿ, ಹೊಟ್ಟೆ, ಎದೆ, ಗಂಟಲುಗಳನ್ನು ಒಂದೇ ತಾಳಕ್ಕೆ ಕುಣಿಸುವ ಏರ್ಪಾಡೇ ಅವುಗಳ ಮಿದುಳಿನ ಬುಡದಲ್ಲಿ ಕಾಣುವುದಿಲ್ಲ.

ವಿಷ ಹಾಕುವವರಿಗೆ ಇದು ವಿಜ್ಞಾನಿಗಳಿಗಿಂತ ಮೊದಲೇ ಗೊತ್ತಿತ್ತು. ಮೆಡಿಟರೇನಿಯನ್ ಕಡೆ ಬೆಳೆಯುವ ಕೆಂಪು ಸ್ಕ್ವಿಲ್ ಎಂಬ ಗಡ್ಡೆಯ ಪುಡಿ ಹಳೆಯ ಕಾಲದ ಇಲಿಪಾಷಾಣ. ನಾಯಿ ಬೆಕ್ಕು ತಿಂದರೆ ಕಕ್ಕಿ ಬದುಕುತ್ತವೆ, ಇಲಿ ಕಕ್ಕಲಾರದೆ ಸಾಯುತ್ತದೆ. ಹೊರಗೆ ಹಾಕಲು ಬಾರದ ಪ್ರಾಣಿ ಒಳಗೆ ಹಾಕಿಕೊಳ್ಳುವಾಗಲೇ ಹುಷಾರಾಗಿರಬೇಕು ತಾನೇ? ಅಪ್ಪ ಗದ್ದೆಯಲ್ಲಿ ಜಿಂಕ್ ಫಾಸ್ಫೈಡ್ ಇಡುವ ಮುಂಚೆ ಎರಡು ಮೂರು ದಿನ ಬರೀ ಎಣ್ಣೆ ಹಚ್ಚಿದ ನುಚ್ಚು ಇಡುತ್ತಿದ್ದರು. ‘ಇಲಿಗೆ ಊಟ ಹಾಕ್ತೀರಾ?’ ಅಂತ ನಾವು ನಗುತ್ತಿದ್ದೆವು. ಹೊಸ ತಿನಿಸನ್ನು ಇಲಿ ಮೊದಲು ಚೂರೇ ಚೂರು ಕಡಿದು ನೋಡುತ್ತದೆ. ಆಮೇಲೆ ಮೈ ಕೆಟ್ಟಿತೋ, ಬದುಕಿ ಉಳಿದರೆ ಆ ರುಚಿಯ ಹತ್ತಿರವೂ ಸುಳಿಯುವುದಿಲ್ಲ. ಆ ನುಚ್ಚು ನಂಬಿಕೆ ಗಳಿಸುವ ಉಪಾಯ.

ಕಕ್ಕಲಾರದ ಇಲಿಗೆ ಸಂಕಟವಾದರೆ ಅದು ಏನು ಮಾಡುತ್ತದೆ? ಮಣ್ಣು ತಿನ್ನುತ್ತದೆ.

1977ರಲ್ಲಿ ಅಮೆರಿಕದ ಡೆನಿಸ್ ಮಿಚೆಲ್ ಮತ್ತು ಜೊತೆಗಾರರು ಇಲಿಗಳನ್ನು ಗರಗರ ತಿರುಗಿಸಿ, ಪಂಜರದಲ್ಲಿ ಮಾಮೂಲಿ ಆಹಾರದ ಜೊತೆಗೆ ಕೇಯೊಲಿನ್ ಇಟ್ಟರು. ಕೇಯೊಲಿನ್ ಅಂದರೆ ಪಿಂಗಾಣಿ ಮಾಡುವ ಬಿಳಿ ಜೇಡಿ. ಅದರಲ್ಲಿ ಆಹಾರದ ಸತ್ವ ಏನೂ ಇಲ್ಲ. ಆದರೂ ತಿರುಗಿ ಬಂದ ಇಲಿಗಳು ಊಟ ಬಿಟ್ಟು ಜೇಡಿ ಕಡಿದವು. ಮುಂದೆ ಜಪಾನಿನ ಒಸಾಕಾದಲ್ಲಿ ನೋರಿಯಾಕಿ ತಕೇಡಾ ಅವರ ಗುಂಪು ಇದನ್ನು ಒಂದು ಅಳತೆಗೋಲಾಗಿಯೇ ಬೆಳೆಸಿತು. ಎಷ್ಟು ಗ್ರಾಂ ಜೇಡಿ ಖರ್ಚಾಯಿತೋ ಅಷ್ಟು ಸಂಕಟ! ಒಳಕಿವಿಯನ್ನು ಕೆಡಿಸಿದ ಇಲಿ ಎಷ್ಟು ತಿರುಗಿಸಿದರೂ ಜೇಡಿ ಮುಟ್ಟಲಿಲ್ಲ. ಪ್ರಯಾಣದ ವಾಂತಿಗೆ ಮನುಷ್ಯರು ನುಂಗುವ ಹಿಸ್ಟಮಿನ್ ತಡೆಯುವ ಮದ್ದು ಕೊಟ್ಟರೆ ಕಡಿಮೆ ತಿಂದಿತು.

ಮಣ್ಣು ತಿನ್ನುವುದನ್ನು ನಾವೇನು ಕಾಣದ್ದೇ? ಬಸುರಿಯರು ಕದ್ದು ಮಡಕೆಯ ಚೂರು ಕಡಿಯುವುದು, ಮೊದಲ ಮಳೆ ಬಿದ್ದ ಅಂಗಳದ ವಾಸನೆಗೆ ಬಾಯಿ ನೀರೂರುವುದು ನಮ್ಮಲ್ಲಿ ಬಯಕೆಯ ಲೆಕ್ಕ. ಜೇಡಿಗೆ ಕೆಲವು ವಿಷಗಳನ್ನು ಹಿಡಿದಿಟ್ಟುಕೊಳ್ಳುವ ಗುಣವಿದೆ. ಹೊರಗೆ ಹಾಕಲಾಗದ್ದನ್ನು ಒಳಗೇ ಕಟ್ಟಿಹಾಕುವ ಪ್ರಯತ್ನ ಇದು ಅಂತ ಇಲಿಯ ನಡತೆಗೆ ಅರ್ಥ ಹಚ್ಚಬಹುದು. ಆದರೆ ಇಲಿ ಬೇರೆ ನೋವಿಗೂ, ಉದಾಹರಣೆಗೆ ಕೀಲು ಊದಿಕೊಂಡಾಗಲೂ, ಜೇಡಿ ತಿಂದದ್ದುಂಟು. ಹಾಗಾಗಿ ಜೇಡಿಯ ತೂಕವೇ ಸಂಕಟದ ತೂಕ ಅಂತ ಕಣ್ಣುಮುಚ್ಚಿ ಹೇಳುವಂತಿಲ್ಲ.

ಇನ್ನೊಂದು ದಾರಿ ಸ್ಯಾನ್‌ಫ್ರಾನ್ಸಿಸ್ಕೊದ ನೌಕಾಪಡೆಯ ವಿಕಿರಣ ಪ್ರಯೋಗಾಲಯದಲ್ಲಿ ತೆರೆಯಿತು. ಅಣುಬಾಂಬಿನ ಭಯದ 1950ರ ದಶಕ. ಜಾನ್ ಗಾರ್ಸಿಯಾ ಇಲಿಗಳ ಮೇಲೆ ಗಾಮಾ ಕಿರಣ ಬಿಟ್ಟು ಏನಾಗುತ್ತದೆಂದು ನೋಡುತ್ತಿದ್ದರು. ಕಿರಣದ ಕೋಣೆಯಲ್ಲಿ ಇಲಿಗಳು ನೀರನ್ನೇ ಕುಡಿಯದಾದವು. ತಮ್ಮ ಪಂಜರಕ್ಕೆ ಮರಳಿದರೆ ಕುಡಿಯುತ್ತಿದ್ದವು. ಪಂಜರದಲ್ಲಿ ಗಾಜಿನ ಬಾಟಲಿ, ಕಿರಣದ ಕೋಣೆಯಲ್ಲಿ ಪ್ಲಾಸ್ಟಿಕ್ ಬಾಟಲಿ. ಪ್ಲಾಸ್ಟಿಕ್ಕಿನ ರುಚಿ ಹತ್ತಿದ ನೀರೇ ತಮ್ಮ ಮೈ ಕೆಡಿಸಿತು ಅಂತ ಇಲಿಗಳು ತೀರ್ಮಾನಿಸಿದ್ದವು! 1955ರಲ್ಲಿ ಗಾರ್ಸಿಯಾ ಇದನ್ನೇ ಸ್ಯಾಕರಿನ್ ಬೆರೆಸಿದ ಸಿಹಿ ನೀರಿನಿಂದ ತೋರಿಸಿ ಪ್ರಕಟಿಸಿದರು. ರುಚಿಗೂ ಕಾಯಿಲೆಗೂ ನಡುವೆ ಗಂಟೆಗಳ ಅಂತರವಿದ್ದರೂ ಒಂದೇ ಸಲಕ್ಕೆ ಈ ಪಾಠ ಕೂರುತ್ತದೆ ಅಂತ ಮುಂದಿನ ಪ್ರಯೋಗಗಳಲ್ಲಿ ಕಂಡಾಗ, ಗಂಟೆ ಬಾರಿಸಿದ ತಕ್ಷಣ ತಿಂಡಿ ಕೊಟ್ಟು ಕಲಿಸುವ ಕಾಲದ ಮನಶ್ಶಾಸ್ತ್ರಜ್ಞರು ನಂಬಲು ತಯಾರಿರಲಿಲ್ಲ. ಗಾರ್ಸಿಯಾ ಅವರ ಲೇಖನಗಳು ವರ್ಷಗಟ್ಟಲೆ ವಾಪಸು ಬಂದವು. ಅಪ್ಪನನ್ನು ಕೇಳಿದ್ದರೆ ಹೇಳುತ್ತಿದ್ದರು.

ಸಿಹಿ ನೀರು ಕುಡಿಸಿ ಕಿರಣದ ಬದಲು ಬರೀ ತಿರುಗಿಸಿದರೂ ಇಲಿ ಆ ಸಿಹಿಯನ್ನು ಬಿಟ್ಟುಬಿಡುತ್ತದೆ. ಅಂದರೆ ತಿರುಗುವುದರಿಂದ ಅದಕ್ಕೂ ಏನೋ ಆಗುತ್ತದೆ. ಆ ‘ಏನೋ’ ನಮ್ಮ ಸಂಕಟವೇ ಹೌದಾ? ಈ ಅನುಮಾನವನ್ನು ಅತಿ ಶ್ರದ್ಧೆಯಿಂದ ಬೆನ್ನಟ್ಟಿದವರು ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಲಿಂಡಾ ಪಾರ್ಕರ್. ನನಗೆ ಅವರ ಕೆಲಸವೇ ಎಲ್ಲಕ್ಕಿಂತ ಇಷ್ಟ. ಇಲಿ ಒಂದು ರುಚಿಯನ್ನು ಬಿಡಲು ಹೊಟ್ಟೆ ತೊಳಸಲೇಬೇಕೆಂದಿಲ್ಲ. ಇಲಿಗಳು ತಾವಾಗಿಯೇ ಬಯಸಿ ತೆಗೆದುಕೊಳ್ಳುವ ಆಂಫೆಟಮಿನ್‌ನಂಥ ಮದ್ದಿನ ಜೊತೆ ಸೇರಿಸಿದರೂ ಆ ರುಚಿಯಿಂದ ದೂರ ಸರಿಯುತ್ತವೆ. ಕುಡಿಯಲಿಲ್ಲ ಅನ್ನುವುದು ಸಾಕಾಗದು, ಮುಖ ನೋಡಬೇಕು. ಪಾರದರ್ಶಕ ಪೆಟ್ಟಿಗೆಯಲ್ಲಿ ಇಲಿಯನ್ನು ಬಿಟ್ಟು, ಬಾಯಿಗೆ ನೇರ ರುಚಿ ಹಾಯಿಸಿ, ಕೆಳಗಿಟ್ಟ ಕನ್ನಡಿಯಲ್ಲಿ ಅದರ ಮುಖವನ್ನು ವಿಡಿಯೊ ಮಾಡುತ್ತಾರೆ. ಹಿಂದೆ ಸಂಕಟ ತಂದ ರುಚಿಯಾದರೆ ಇಲಿ ದವಡೆ ಕೆಳಗಿಳಿಸಿ, ಹಲ್ಲು ಕಾಣುವಂತೆ ಬಾಯಿಯನ್ನು ತ್ರಿಕೋನಾಕಾರಕ್ಕೆ ಅಗಲಿಸುತ್ತದೆ. ವಾಂತಿ ಮಾಡಬಲ್ಲ ಪ್ರಾಣಿ ವಾಕರಿಸುವಾಗ ಬಾಯಿ ತೆರೆಯುವ ರೀತಿಯೇ ಅದು. ಹೊರಗೆ ಏನೂ ಬರುವುದಿಲ್ಲ. ಬಾಯಿ ಮಾತ್ರ ತೆರೆಯುತ್ತದೆ, ಮುಚ್ಚುತ್ತದೆ.

ಆಂಫೆಟಮಿನ್ ಕೊಟ್ಟ ಇಲಿ ಹಾಗೆ ಬಾಯಿ ತೆರೆಯುವುದಿಲ್ಲ. ಬೇರೆ ಪ್ರಾಣಿಗಳಲ್ಲಿ ವಾಂತಿ ತರಿಸುವ ಮದ್ದಿಗೆ ಮಾತ್ರ ತೆರೆಯುತ್ತದೆ. ಮೊದಲೇ ಒಂಡಾನ್‌ಸೆಟ್ರಾನ್ ಕೊಟ್ಟಿದ್ದರೆ ಆ ರುಚಿಗೆ ಬಾಯಗಲಿಸುವುದನ್ನು ಕಲಿಯುವುದೇ ಇಲ್ಲ.

ಪಾರ್ಕರ್ ಗುಂಪಿನ ಇನ್ನೊಂದು ಪ್ರಯೋಗವನ್ನು ನಾನು ಎರಡು ಸಲ ಓದಿದೆ. ಈ ಸಲ ರುಚಿಯೇ ಇಲ್ಲ. ಒಂದು ವಿಶಿಷ್ಟ ಪೆಟ್ಟಿಗೆ, ಅದರೊಳಗೆ ಬಿಟ್ಟಾಗಲೆಲ್ಲ ಸಂಕಟ ಬರಿಸುವ ಲಿಥಿಯಂ ಕ್ಲೋರೈಡಿನ ಸೂಜಿ. ಕೆಲವು ಸಲವಾದ ಮೇಲೆ ಸೂಜಿ ಕೊಡದೆ ಬರೀ ಪೆಟ್ಟಿಗೆಗೆ ಬಿಟ್ಟರೂ ಇಲಿ ಬಾಯಗಲಿಸಿತು. ಆಗುಂಬೆ ಪೇಟೆ! ಆಮೇಲಿನ ಸಾಲು ಇನ್ನೂ ತಟ್ಟಿತು: ಈ ಮುಂಗಡ ಸಂಕಟಕ್ಕೆ ಒಂಡಾನ್‌ಸೆಟ್ರಾನ್ ಉಪಯೋಗಕ್ಕೆ ಬರಲಿಲ್ಲ. ಗಾಂಜಾ ಗಿಡದ ಕೆಲವು ಅಂಶಗಳು ಬಂದವು. ಕೀಮೋ ರೋಗಿಗಳಲ್ಲೂ ಹಾಗೆಯೇ, ವಾಂತಿ ನಿಲ್ಲಿಸುವ ಆ ಮಾತ್ರೆ ಆಸ್ಪತ್ರೆಯ ಗೇಟು ಕಂಡರೆ ಬರುವ ಸಂಕಟವನ್ನು ನಿಲ್ಲಿಸದು. ಒಂಡಾನ್‌ಸೆಟ್ರಾನ್ ವಾಂತಿ ತಡೆಯುತ್ತದೆಂದು ಗೊತ್ತಾದದ್ದು ಫೆರೆಟ್‌ ಎಂಬ ಪ್ರಾಣಿಗಳ ಮೇಲಿನ ಪ್ರಯೋಗದಿಂದ. ಅವು ನಮ್ಮ ಹಾಗೆ ಧಾರಾಳವಾಗಿ ಕಕ್ಕುವ ಪ್ರಾಣಿಗಳು. ಕಕ್ಕುವ ಪ್ರಾಣಿಯ ಕಕ್ಕು ಎಣಿಸಿ ಕಂಡುಕೊಂಡ ಮದ್ದು ಕಕ್ಕು ನಿಲ್ಲಿಸಿತು, ಅದು ಸಣ್ಣ ಸಾಧನೆಯಲ್ಲ. ಆದರೆ ಕಕ್ಕು ನಿಂತ ಮೇಲೂ ಉಳಿಯುವುದೇನು ಅಂತ ಕೇಳಬೇಕಾದರೆ, ಕಕ್ಕಲಾರದ ಪ್ರಾಣಿಯ ಹತ್ತಿರವೇ ಹೋಗಬೇಕಾಯಿತು. ಅಂದಹಾಗೆ ಇದೇ ಮಾತ್ರೆ ಘಟ್ಟದ ಬಸ್ಸಿಗೆ ನಡೆಯುವುದಿಲ್ಲ. ಪ್ರಯಾಣದ ವಾಂತಿಗೆ ಇವತ್ತಿಗೂ ಕೈ ಹಿಡಿಯುವುದು ಅವೊಮಿನ್‌ನಂಥ ಹಳೆಯ ಹಿಸ್ಟಮಿನ್ ವಿರೋಧಿಗಳು, ಇಲ್ಲವೇ ದತ್ತೂರಿಯ ಕುಲದ ಗಿಡಗಳಲ್ಲಿ ಸಿಗುವ ಸ್ಕೊಪೊಲಮಿನ್. ಸಂಕಟಕ್ಕೆ ಬರುವ ದಾರಿಗಳು ಹಲವು, ಬಾಗಿಲು ಬೇರೆಬೇರೆ.

ಈ ಕತೆಯಲ್ಲಿ ನಮ್ಮ ಅಡುಗೆಮನೆಯ ಒಬ್ಬ ಪರಿಚಯಸ್ಥನೂ ಇದ್ದಾನೆ. ಸುಂಡಿಲಿ. ರಾತ್ರಿ ಗೋಡೆಯ ಬುಡ ಹಿಡಿದು ಚಿಂವ್‌ಗುಡುತ್ತಾ ಓಡುವ, ಉದ್ದ ಮೂತಿಯ, ಕಸ್ತೂರಿಯಂಥ ಗಬ್ಬು ವಾಸನೆಯ ಪ್ರಾಣಿ. ನಮ್ಮ ಬೆಕ್ಕು ಹಿಡಿದರೂ ತಿನ್ನದೆ ಬಿಟ್ಟುಹೋಗುತ್ತಿತ್ತು. ಮರಿಗಳು ಒಂದರ ಹಿಂದೆ ಒಂದು ಬಾಲದ ಬುಡ ಕಚ್ಚಿಕೊಂಡು ತಾಯಿಯ ಹಿಂದೆ ರೈಲು ಬಿಟ್ಟಂತೆ ಹೋಗುವುದನ್ನು ನೋಡಿ ಅಜ್ಜಿ ‘ಹೊಡೀಬೇಡಿ, ಜಿರಲೆ ತಿನ್ನತ್ತೆ’ ಅನ್ನುತ್ತಿದ್ದಳು. ಹೆಸರಿನಲ್ಲಿ ಇಲಿ ಇದ್ದರೂ ಇದು ಇಲಿಯಲ್ಲ, ದಂಶಕವೇ ಅಲ್ಲ. ಜೀವಿಗಳಿಗೆ ಲ್ಯಾಟಿನ್ ಹೆಸರಿಡುವ ಪದ್ಧತಿ ತಂದ ಲಿನೇಯಸ್ 1766ರಲ್ಲಿ ಹೆಸರಿಡುವಾಗ ಅವನೂ ‘ಇಲಿಯಂಥದ್ದು’ ಎಂಬರ್ಥದ ಮ್ಯೂರಿನಸ್ ಅಂತಲೇ ಕರೆದ. ಈಗ ಅದು ಸುಂಕಸ್ ಮ್ಯೂರಿನಸ್.

ಸುಂಡಿಲಿಗೆ ವಾಂತಿ ಬರುತ್ತದೆ. 1980ರ ದಶಕದ ಕೊನೆಯಲ್ಲಿ ಜಪಾನಿನ ಉಯೆನೊ, ಮತ್ಸುಕಿ, ಸೈಟೊ ಎಂಬ ಮೂವರು ಇದನ್ನು ವಿಜ್ಞಾನಕ್ಕೆ ಪರಿಚಯಿಸಿದರು. ಸುಂಡಿಲಿಯನ್ನು ಒಂದು ಪೆಟ್ಟಿಗೆಯಲ್ಲಿ ಕೂರಿಸಿ, ಸೆಕೆಂಡಿಗೊಂದು ಸಲದಂತೆ ನಾಲ್ಕು ಸೆಂಟಿಮೀಟರು ಅತ್ತಿತ್ತ ಜಗ್ಗಿದರೆ ಕೆಲವೇ ನಿಮಿಷಕ್ಕೆ ವಾಂತಿ. ಮನುಷ್ಯರಿಗೆ ಅಷ್ಟು ವೇಗದ ಕುಲುಕಾಟ ಏನೂ ಮಾಡುವುದಿಲ್ಲ. ನಮ್ಮನ್ನು ಕೆಡಿಸುವುದು ಐದು ಸೆಕೆಂಡಿಗೊಮ್ಮೆ ಮೇಲೆ ಕೆಳಗೆ ತೂಗುವ ಹಡಗಿನ ನಿಧಾನ ಲಯ. ಐವತ್ತು ಗ್ರಾಮಿನ ಆಸುಪಾಸಿನ ಒಂದು ಜೀವ ಪಿಟ್ಸ್‌ಬರ್ಗ್, ಹಾಂಗ್‌ಕಾಂಗ್, ಟೋಕಿಯೊಗಳ ಪ್ರಯೋಗಾಲಯಗಳಲ್ಲಿ ಬೆಲೆ ಬಾಳುವ ಪ್ರಾಣಿಯಾಯಿತು. ಶುಂಠಿಯ ಒಂದು ಅಂಶ ಕೀಮೋ ಮದ್ದಿನ ವಾಂತಿಯನ್ನು ತಡೆಯುತ್ತದೆ ಅಂತ 1989ರಲ್ಲಿ ತೋರಿಸಿದ್ದೂ ಸುಂಡಿಲಿಯ ಮೇಲೆಯೇ. ಈ ಪ್ರಾಣಿ ಭಾರತದ ಕಡೆಯಿಂದ ಹಡಗುಗಳಲ್ಲಿ ಕದ್ದು ಹತ್ತಿ ಹಿಂದೂ ಮಹಾಸಾಗರದ ದ್ವೀಪಗಳಿಗೂ ಪೂರ್ವ ಆಫ್ರಿಕಾಕ್ಕೂ ಹರಡಿದ್ದು. ಸರಕಿನ ಮೂಟೆಗಳ ನಡುವೆ ಸಮುದ್ರ ದಾಟುವಾಗ ಇದರ ಅವಸ್ಥೆ ಏನಾಗಿರಬಹುದು ಅಂತ ಯೋಚಿಸಿ ನನಗೆ ನಗು ಬಂತು. ಹಡಗಿನ ನಿಧಾನ ತೂಗಾಟ ಅದಕ್ಕೆ ಹೆಚ್ಚು ತಾಗಿರಲಿಕ್ಕಿಲ್ಲ, ಅಷ್ಟು ಸಮಾಧಾನ.

ಮೈ ಅಲ್ಲಾಡಿದರೆ ಹೊಟ್ಟೆ ಯಾಕೆ ಕೆಡಬೇಕು ಎಂಬುದು ಬೇರೆಯದೇ ಪ್ರಶ್ನೆ. ಒಳಕಿವಿಯೇ ಕಾರಣ ಎಂಬುದರಲ್ಲಿ ಅನುಮಾನವಿಲ್ಲ. ಒಳಕಿವಿ ಕೆಟ್ಟವರಿಗೆ ಬಿರುಗಾಳಿಯ ಸಮುದ್ರದಲ್ಲೂ ವಾಂತಿಯಾಗದ್ದು 1968ರಲ್ಲಿ ದಾಖಲಾಗಿದೆ. ಆದರೆ ಕಿವಿಯ ಸುದ್ದಿಗೆ ಹೊಟ್ಟೆ ಕಿವಿಗೊಡುವುದು ಯಾಕೆ? ಮನಶ್ಶಾಸ್ತ್ರಜ್ಞ ಮಿಶೆಲ್ ಟ್ರೈಸ್‌ಮನ್ 1977ರಲ್ಲಿ ಕೊಟ್ಟ ಉತ್ತರ ಬಹಳ ಹೆಸರಾಯಿತು. ಕಣ್ಣು ಒಂದು ಹೇಳಿ ಕಿವಿ ಒಂದು ಹೇಳುವುದು ಕಾಡಿನ ಕಾಲದಲ್ಲಿ ವಿಷ ತಿಂದು ಅಮಲೇರಿದಾಗ ಮಾತ್ರ. ಆದ್ದರಿಂದ ಹಾಗಾದಾಗಲೆಲ್ಲ ಮೈ ವಿಷವೆಂದು ತಿಳಿದು ಹೊಟ್ಟೆ ಖಾಲಿ ಮಾಡಲು ಹೊರಡುತ್ತದೆ, ಅಂತ. ಕೇಳಲು ಚೆನ್ನಾಗಿದೆ, ಪೂರ್ತಿ ನಂಬಲು ನನಗೆ ಧೈರ್ಯವಿಲ್ಲ. ಕಕ್ಕಲೇ ಬಾರದ ಇಲಿಗೂ ಈ ತಿರುಗುವ ಸಂಕಟ ಇರುವುದನ್ನು ನೋಡಿದರೆ, ಹೊಟ್ಟೆ ಖಾಲಿ ಮಾಡುವುದೊಂದೇ ಉದ್ದೇಶವಾಗಿರಲಾರದು. ‘ಇನ್ನೊಮ್ಮೆ ಇದರ ಹತ್ತಿರ ಬರಬೇಡ’ ಅಂತ ನೆನಪಿನಲ್ಲಿ ಗೀರು ಹಾಕುವುದೇ ಹಳೆಯ ಕೆಲಸವಿರಬಹುದು. ಇದು ನನ್ನ ಊಹೆ.

ಇಲಿ ಬೆವರುವುದಿಲ್ಲ, ಆದರೂ ಅದರ ತಣ್ಣನೆ ಬೆವರನ್ನು ಕಂಡವರಿದ್ದಾರೆ. ಆಸ್ಟ್ರೇಲಿಯಾದ ನ್ಯೂಕ್ಯಾಸಲ್‌ನ ಯೂಜಿನ್ ನಲಿವೈಕೊ ಗುಂಪು ತಿರುಗಿಸಿದ ಇಲಿಯ ಬಾಲ ನೋಡಿತು. ಮೈಯ ಬಿಸಿ ಹೊರಹಾಕಲು ಇಲಿಗೆ ಬಾಲವೇ ದಾರಿ. ತಿರುಗಿಸಿದಾಗ ಬಾಲ ಬೆಚ್ಚಗಾಗಿ ಮೈಯೊಳಗಿನ ತಾಪ ಇಳಿಯಿತು. ಚಿಕ್ಕಿಲಿಯಲ್ಲೂ ಹೌದು, ಸುಂಡಿಲಿಯಲ್ಲೂ ಹೌದು. ಬಸ್ಸಿನಲ್ಲಿ ನಮ್ಮ ಹಣೆ ಬೆವರುವುದೂ ಬಿಸಿಯನ್ನು ಹೊರಹಾಕುವ ಅದೇ ಏರ್ಪಾಡು. 2023ರಲ್ಲಿ ಬಾರ್ಸಿಲೋನಾದ ಸಂಶೋಧಕರು ಇನ್ನೂ ಒಳಗೆ ಹೋಗಿ, ಚಿಕ್ಕಿಲಿಯ ಮಿದುಳಿನಲ್ಲಿ ಒಳಕಿವಿಯ ಸುದ್ದಿ ತಲುಪುವ ಜಾಗದ ಒಂದು ಬಗೆಯ ನರಕೋಶಗಳನ್ನು ಬೆಳಕಿನಿಂದ ಕೆರಳಿಸಿದರು. ಇಲಿ ಕೂತಲ್ಲೇ ಇತ್ತು, ಯಾರೂ ತಿರುಗಿಸಲಿಲ್ಲ. ಆದರೂ ತಿರುಗಿ ಬಂದ ಇಲಿಯಂತೆಯೇ ಮಂಕಾಯಿತು. ಆ ಕೋಶಗಳು ಬಳಸುವುದು ಸಿಸಿಕೆ ಎಂಬ ರಾಸಾಯನಿಕವನ್ನು. ಹೊಟ್ಟೆ ತುಂಬಿತು ಅಂತ ಕರುಳು ಮಿದುಳಿಗೆ ಹೇಳಿಕಳಿಸುವುದೂ ಇದರಿಂದಲೇ!

ಇದನ್ನೆಲ್ಲ ಓದುವಾಗ ಖುಷಿಯಾಗುತ್ತದೆ, ಆಮೇಲೆ ಮುಜುಗರವಾಗುತ್ತದೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರಲ್ಲ, ಇಲ್ಲಿ ಸಂಕಟ ಎಂಬುದು ಅಕ್ಷರಶಃ. ಇಲಿಗೆ ನೋವಾಗುತ್ತದೋ ಇಲ್ಲವೋ ಅಂತ ನುಣುಚಿಕೊಳ್ಳುವ ದಾರಿಯೂ ಇಲ್ಲಿಲ್ಲ. ಅದಕ್ಕೆ ಸಂಕಟವಾಗುತ್ತದೆ ಎಂದು ಸಾಧಿಸಿದಷ್ಟೂ ಪ್ರಯೋಗ ಗೆದ್ದಂತೆ, ಸಾಧಿಸಿದಷ್ಟೂ ಅದನ್ನು ಮಾಡಲು ಕೈ ನಡುಗಬೇಕು. ನಾನು ಚಿಕ್ಕಮ್ಮನ ಪಕ್ಕದ ಬೆಂಚಿನಲ್ಲಿ ಕೂತವನು. ನಿಲ್ಲಿಸಿ ಅನ್ನಲು ಬಾಯಿ ಬರುವುದಿಲ್ಲ, ನಡೆಸಿ ಅನ್ನಲೂ ಸಲೀಸಾಗಿ ಬರುವುದಿಲ್ಲ.

ಚಿಕ್ಕಮ್ಮನ ಮೊದಲ ಕೀಮೋದ ದಿನ ಯಾರೋ ಹೇಳಿದರೆಂದು ಕಿತ್ತಳೆ ಪೆಪ್ಪರ್‌ಮಿಂಟಿನ ಒಂದು ಪೊಟ್ಟಣ ಒಯ್ದಿದ್ದೆ. ಬೆಳಿಗ್ಗೆ ಅವಳು ಗಂಜಿ, ಮಿಡಿ ಉಪ್ಪಿನಕಾಯಿ ಉಂಡು ಹೊರಟಿದ್ದಳು. ಸೂಜಿ ಚುಚ್ಚುವ ಮುಂಚೆ ನಾಲ್ಕು ಪೆಪ್ಪರ್‌ಮಿಂಟು ಚೀಪಿದಳು. ಸಿಯಾಟಲ್‌ನ ಐಲೀನ್ ಬರ್ನ್‌ಸ್ಟೈನ್ ಬಗ್ಗೆ ನಾನು ಓದಿದ್ದು ಎಷ್ಟೋ ತಿಂಗಳ ಮೇಲೆ. ಗಾರ್ಸಿಯಾನ ಇಲಿಗಳ ಪಾಠವನ್ನು ಅವರು ಕ್ಯಾನ್ಸರಿನ ಮಕ್ಕಳ ವಾರ್ಡಿಗೆ ತಂದರು. ಕೀಮೋಗೆ ಮುಂಚೆ ಹೊಸ ರುಚಿಯ ಐಸ್‌ಕ್ರೀಮ್ ತಿಂದ ಮಕ್ಕಳಲ್ಲಿ ಹೆಚ್ಚಿನವರು ಆಮೇಲೆ ಅದನ್ನು ಆರಿಸಲಿಲ್ಲ, 1978ರ ಮಾತು. ಹಾಗಾದರೆ ಊಟಕ್ಕೂ ಕೀಮೋಗೂ ನಡುವೆ ಬೇರೊಂದು ರುಚಿಯ ಮಿಠಾಯಿ ತಿನ್ನಿಸಿದರೆ? ತಪ್ಪೆಲ್ಲ ಮಿಠಾಯಿಯ ತಲೆಗೆ ಹೋಗಿ ಊಟ ಬಚಾವಾಗುತ್ತದೆ ಅಂತ ಮುಂದೆ ಅವರೇ ತೋರಿಸಿದರು. ಗೊತ್ತಿಲ್ಲದೆ ನಾನು ಪೆಪ್ಪರ್‌ಮಿಂಟನ್ನು ಹರಕೆಯ ಕುರಿ ಮಾಡಿದ್ದೆ.

ಈಗ ಚಿಕ್ಕಮ್ಮ ಚೆನ್ನಾಗಿದ್ದಾಳೆ. ಘಟ್ಟದ ಕೆಳಗಿನ ಮದುವೆಗಳಿಗೆ ಅವೊಮಿನ್ ನುಂಗಿ, ನಿಂಬೆಹಣ್ಣು ಮೂಸುತ್ತ ಹೋಗಿಬರುತ್ತಾಳೆ. ಬೆಳಿಗ್ಗೆ ಗಂಜಿ ಈಗಲೂ ಆಗುತ್ತದೆ, ಮಿಡಿಯಂತೂ ಎರಡು ಬೇಕು. ಮೊನ್ನೆ ದೇವಂಗಿಯ ಒಂದು ಗೃಹಪ್ರವೇಶದಲ್ಲಿ ಊಟ ಮುಗಿಸಿ ಬರುವಾಗ ಬಾಗಿಲಲ್ಲಿ ಎಲೆ ಅಡಿಕೆಯ ತಟ್ಟೆಯ ಪಕ್ಕ ಮಿಠಾಯಿಯ ಬಟ್ಟಲು ಇಟ್ಟಿದ್ದರು. ಪುಟ್ಟ ಹುಡುಗಿಯೊಬ್ಬಳು ಅದರಿಂದ ಕಿತ್ತಳೆ ಬಣ್ಣದ್ದೊಂದನ್ನು ಆರಿಸಿ ಚಿಕ್ಕಮ್ಮನ ಕೈಗೆ ಹಾಕಿತು. ಚಿಕ್ಕಮ್ಮನ ದವಡೆ ಸ್ವಲ್ಪ ಕೆಳಗಿಳಿದು, ಬಾಯಿ ಅರೆ ಕ್ಷಣ ತೆರೆದುಕೊಂಡದ್ದನ್ನು ನಾನು ನೋಡಿದೆ. ಆಮೇಲೆ ಹುಡುಗಿಯ ತಲೆ ಸವರಿ, ಮಿಠಾಯಿಯನ್ನು ನನ್ನ ಜೇಬಿಗೆ ದಾಟಿಸಿದಳು.